ಖಾಲಿ ಗಾಡಾದ ಸುಖ

ಸವದತ್ತಿ ಸೀಮೆಯ ಹಳ್ಳಿಗಳ ಜಾತ್ರೆ ಕಂಡವರಿಗೆ ಖಾಲಿ ಗಾಡಾ ಶರ್ಯತ್ತು ಹೊಸದಲ್ಲ. ಉಳಿದವರಿಗಾಗಿ ಎರಡು ಮಾತು. ಸುಗ್ಗಿಯಲ್ಲಿ ಜೋಳದ ಚೀಲ, ಹತ್ತಿ ಅಂಡಿಗೆ, ಕಣಿಕೆ ಹೊರುವಂಥದೇ ಬಂಡಿ. ಆ ದಿನ ಮಾತ್ರ ಅದರ ಮೇಲೆ ಏನೂ ಇರುವುದಿಲ್ಲ. ಎರಡು ಗಾಲಿ, ಒಂದು ಅಚ್ಚು, ನೊಗ, ಕಾಲೂರಲು ಒಂದಿಷ್ಟು ಹಲಗೆ. ಗೊತ್ತುಪಡಿಸಿದ ಹೊತ್ತಿನೊಳಗೆ ಯಾವ ಜೋಡಿ ಎತ್ತು ಎಷ್ಟು ದೂರ ಓಡಿತು ಎಂಬುದನ್ನು ಅಡಿಗಳಲ್ಲಿ ಅಳೆಯುತ್ತಾರೆ. ಗೆದ್ದ ಗಾಡಾ ಯಾವ ಊರಿಗೂ ಹೋಗಿರುವುದಿಲ್ಲ, ಯಾವ ಸಾಮಾನನ್ನೂ ಮುಟ್ಟಿಸಿರುವುದಿಲ್ಲ. ಆದರೂ ಊರಿಗೆ ಊರೇ ಬದುವಿನ ಮೇಲೆ ನಿಂತು ಕೇಕೆ ಹಾಕುತ್ತದೆ.

ಇದರಲ್ಲಿ ಅಂಥದ್ದೇನಿದೆ ಎಂದು ಸಣ್ಣವನಿದ್ದಾಗ ನಮ್ಮ ಕಾಕಾನನ್ನು ಕೇಳಿದ್ದೆ. ಕಾಕಾ ಎಲೆಯಡಿಕೆ ಉಗಿದು ಬಂದು ಹೇಳಿದ್ದ: "ಹೇರಿದ ಗಾಡಿ ಮಾಲಿಂದು. ಖಾಲಿ ಗಾಡಾ ಹೊಡಿಯಾಂವಂದು." ಆಗ ಅದು ಪೂರ್ತಿ ತಿಳಿದಿರಲಿಲ್ಲ. ಬಹಳ ವರ್ಷಗಳ ಮೇಲೆ ಇಂಗ್ಲೆಂಡಿನ ಸಣ್ಣ ಸ್ಪೋರ್ಟ್ಸ್ ಕಾರುಗಳ ಚರಿತ್ರೆ ಓದುತ್ತ ಕೂತಾಗ ಆ ಮಾತು ನೆನಪಾಯಿತು. ಇಬ್ಬರೇ ಕೂರಬಹುದಾದ, ಮಳೆ ಬಂದರೆ ತೊಯ್ಯುವ, ಸಾಮಾನಿಡಲು ಜಾಗವಿಲ್ಲದ ಆ ಕಾರುಗಳನ್ನು ಜನ ಅರವತ್ತು ಎಪ್ಪತ್ತು ವರ್ಷ ಮಗುವಿನಂತೆ ಯಾಕೆ ಸಾಕುತ್ತಾರೆ ಎಂಬ ಪ್ರಶ್ನೆಗೆ ಇದಕ್ಕಿಂತ ಚಿಕ್ಕ ಉತ್ತರ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ಆ ಕಾರುಗಳ ಹುಟ್ಟಿಗೆ ಕಾರಣ ಶ್ರೀಮಂತಿಕೆ ಎಂದುಕೊಂಡರೆ ತಪ್ಪಾದೀತು. ಇಂಗ್ಲೆಂಡಿನಲ್ಲಿ 1920ರ ದಶಕದಲ್ಲಿ ಕಾರಿನ ಮೇಲಿನ ತೆರಿಗೆಯನ್ನು ಎಂಜಿನ್ನಿನ ಸಿಲಿಂಡರಿನ ಅಗಲ ನೋಡಿ ಹಾಕುತ್ತಿದ್ದರು. ಹೀಗಾಗಿ ಅಲ್ಲಿನವರು ಕಿರಿದಾದ, ಉದ್ದನೆಯ ಸಿಲಿಂಡರಿನ ಪುಟ್ಟ ಎಂಜಿನ್ನುಗಳನ್ನು ಮಾಡಲು ಕಲಿತರು. 1922ರಲ್ಲಿ ಬಂದ ಆಸ್ಟಿನ್ ಸೆವೆನ್ ಇವುಗಳಲ್ಲಿ ಪ್ರಸಿದ್ಧ. ಸಂಸಾರಸ್ಥರಿಗೆಂದೇ ಮಾಡಿದ ಬಡ ಕಾರು ಅದು. ಹುಡುಗರು ಹಳೆಯ ಸೆವೆನ್ ಕೊಂಡು, ಮೇಲಿನ ಡಬ್ಬಿ ಕಿತ್ತೆಸೆದು, ತಗಡಿನ ಹಗುರ ಹೊದಿಕೆ ಹಾಕಿ ಓಟಕ್ಕೆ ಇಳಿಸತೊಡಗಿದರು. ಇತ್ತ ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್ ಎಂಬ ಅಂಗಡಿಯ ವ್ಯವಸ್ಥಾಪಕ ಸೆಸಿಲ್ ಕಿಂಬರ್, ಸಾದಾ ಮಾರಿಸ್ ಕಾರುಗಳ ಮೇಲೆ ಹಗುರ ಮೈ ಕೂಡಿಸಿ ಮಾರಲು ಶುರುಮಾಡಿದ. ಅಂಗಡಿಯ ಹೆಸರಿನ ಮೊದಲ ಎರಡು ಅಕ್ಷರಗಳೇ 'ಎಂ.ಜಿ.' ಆದವು. ನಮ್ಮಲ್ಲಿ ಎಂ.ಜಿ. ಎಂದರೆ ಎಲ್ಲ ಊರಲ್ಲೂ ಇರುವ ರಸ್ತೆ; ಅಲ್ಲಿ ಅದೊಂದು ಕಾರು. ಆ ಕಂಪನಿಯ ಮೊದಲ 'ಮಿಜೆಟ್' ಕಾರಿನ ಎಂಜಿನ್ನು ಬರೀ 847 ಸಿಸಿ. ಮೈಗೆ ಮರದ ಚೌಕಟ್ಟು, ಅದರ ಮೇಲೆ ಬಟ್ಟೆ. ಈ 847 ಎಂಬ ಅಂಕಿಯನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1945ರಿಂದ 1949ರವರೆಗೆ, ಇದೇ ಕಂಪನಿ 'ಟಿ.ಸಿ.' ಎಂಬ ಕಾರನ್ನು ಮಾಡಿತು. ಮಾಡಿದ್ದು ಸುಮಾರು 10,000. ಒಳಗಿನ ಚೌಕಟ್ಟು ಇನ್ನೂ ಮರದ್ದೇ. ಬಾಗಿಲಿನ ಮೇಲಂಚನ್ನು ಕೆಳಕ್ಕೆ ಕೊರೆದಿದ್ದರಿಂದ ಓಡಿಸುವವನ ಮೊಣಕೈ ಹೊರಗಿರುತ್ತಿತ್ತು. ಇಂಗ್ಲೆಂಡಿನಲ್ಲಿದ್ದ ಅಮೆರಿಕದ ಸಿಪಾಯಿಗಳು ಇಂಥ ಕಾರುಗಳಿಗೆ ಮನಸೋತರು. ತಮ್ಮ ದೇಶದ ಹಡಗಿನಂಥ ಕಾರುಗಳ ಮುಂದೆ ಅದೊಂದು ಆಟಿಗೆ ಸಾಮಾನು, ವೇಗದಲ್ಲೂ ಹೇಳಿಕೊಳ್ಳುವಂಥದ್ದಲ್ಲ. ಆದರೆ ನೆಲಕ್ಕೆ ಅಂಟಿಕೊಂಡಂತೆ ಕೂತು ಓಡಿಸುವಾಗ ನಲವತ್ತು ಮೈಲಿ ವೇಗವೂ ಎಂಬತ್ತರಂತೆ ಕಾಣುತ್ತದೆ. ರಸ್ತೆಯ ಹರಳು, ಗಾಳಿಯ ವಾಸನೆ, ಗೇರು ಬೀಳುವ ಸದ್ದು ಎಲ್ಲ ನೇರ ಮೈಗೇ ಬರುತ್ತವೆ. ಖಾಲಿ ಗಾಡಾದ ಮೇಲೆ ನಿಂತವನಿಗೂ ಹೀಗೇ ಆಗುತ್ತಿರಬೇಕು.

ಈ ಕಾರು ಸವದತ್ತಿಗೆ ಬರಲಿಲ್ಲ. ಬರುವಂತೆಯೂ ಇರಲಿಲ್ಲ. ಸ್ವಾತಂತ್ರ್ಯ ಬಂದು ಕೆಲವೇ ವರ್ಷಗಳಲ್ಲಿ ಹೊರದೇಶದ ಕಾರುಗಳಿಗೆ ಬಾಗಿಲು ಮುಚ್ಚುತ್ತ ಬಂತು. 1953ರಲ್ಲಿ, ಸುಂಕ ಆಯೋಗದ ವರದಿಯ ಬೆನ್ನಿಗೆ, ಬಿಡಿಭಾಗ ತಂದು ಇಲ್ಲಿ ಬರೀ ಜೋಡಿಸುವವರು ಅವನ್ನು ಇಲ್ಲೇ ತಯಾರಿಸಬೇಕು, ಇಲ್ಲವೇ ಜಾಗ ಬಿಡಬೇಕು ಎಂದು ಸರ್ಕಾರ ತೀರ್ಮಾನಿಸಿತು. ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಗಂಟು ಕಟ್ಟಿದವು. ಕಾರು ಮಾಡುವವರೆಂದು ಉಳಿದವರು ಮುಖ್ಯವಾಗಿ ಮೂವರು: ಕಲಕತ್ತೆಯ ಬಳಿ ಹಿಂದುಸ್ತಾನ್ ಮೋಟಾರ್ಸ್, ಮುಂಬಯಿಯಲ್ಲಿ ಪ್ರೀಮಿಯರ್, ಮದರಾಸಿನಲ್ಲಿ ಸ್ಟ್ಯಾಂಡರ್ಡ್. ಕಾರು ಬೇಕೆಂದವನು ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾದ ಕಾಲ. ಇಬ್ಬರೇ ಕೂರುವ ಕಾರು ಮಾಡುತ್ತೇನೆಂದು ಯಾರಾದರೂ ಹೊರಟಿದ್ದರೆ ಹುಚ್ಚನೆನ್ನುತ್ತಿದ್ದರು. ನಮ್ಮ ಸಂಸ್ಥಾನಿಕರ ಕಾಲದ ದೊಡ್ಡ ಕಾರುಗಳನ್ನು ಧರ್ಮಸ್ಥಳದ ಸಂಗ್ರಹಾಲಯದಂಥ ಕಡೆ ಹೋಗಿ ನೋಡಬಹುದು. ಅವು ಮೆರವಣಿಗೆಯ ಅಂಬಾರಿಗಳು. ನಾನು ಹೇಳಹೊರಟದ್ದು ಗಾಡಾದ ಕಥೆ.

ಆದರೆ ಕಾರು ಬರದಿದ್ದರೂ ಅದರ ಎದೆ ಬಂತು. ಇದನ್ನು ತಿಳಿದಾಗ ನನಗೆ ನಿಜಕ್ಕೂ ನಗು ಬಂದಿತ್ತು. 1955ರಲ್ಲಿ ಎಂ.ಜಿ. ಕಂಪನಿ 'ಎಂ.ಜಿ.ಎ.' ಎಂಬ ಚೆಂದದ ಕಾರು ತಂದಿತು. ಅದರ ಎಂಜಿನ್ನು 1489 ಸಿಸಿಯದು, ಆ ಕಂಪನಿಯ ಒಡೆಯರು ತಮ್ಮ ಹಲವು ಕಾರುಗಳಿಗೆ ಹಾಕುತ್ತಿದ್ದ 'ಬಿ-ಸೀರೀಸ್' ವಂಶದ್ದು. ಅದೇ ವಂಶದ, ಅದೇ 1489 ಸಿಸಿಯ ಎಂಜಿನ್ನು ನಮ್ಮ ಅಂಬಾಸಡರ್ ಕಾರಿನೊಳಗೆ ಹತ್ತಾರು ವರ್ಷ ಗುಡುಗುಟ್ಟಿತು. ಅಲ್ಲಿ ಎರಡು ಕಾರ್ಬುರೇಟರು, ಇಲ್ಲಿ ಒಂದು. ಅಲ್ಲಿ ಸುಮಾರು 70 ಅಶ್ವಶಕ್ತಿ, ಇಲ್ಲಿ 50ರ ಆಸುಪಾಸು. ಅಲ್ಲಿ ಇಬ್ಬರು, ಇಲ್ಲಿ ಭರತ ಹುಣ್ಣಿಮೆಯ ದಿನ ಜೋಗುಳಬಾವಿ ದಾಟಿ ಯಲ್ಲಮ್ಮನ ಗುಡ್ಡ ಏರುವಾಗ ಮಡಿಲ ಮಕ್ಕಳು, ಹೋಳಿಗೆ ಬುಟ್ಟಿ, ಭಂಡಾರದ ಚೀಲ ಎಲ್ಲ ಸೇರಿ ಹನ್ನೆರಡು ಮಂದಿ. "ಉಧೋ ಉಧೋ" ಎನ್ನುತ್ತ ಎರಡನೆಯ ಗೇರಿನಲ್ಲಿ ಏದುಸಿರು ಬಿಡುತ್ತ ಏರುತ್ತಿದ್ದ ಆ ಕಾರಿನೊಳಗೆ ಸ್ಪೋರ್ಟ್ಸ್ ಕಾರಿನ ಒಡಹುಟ್ಟು ಇತ್ತೆಂದು ಅದರೊಳಗೆ ಕೂತವರಲ್ಲಿ ಯಾರಿಗೆ ಗೊತ್ತಿತ್ತು? ಕಾಕಾನ ಲೆಕ್ಕದಲ್ಲಿ ಎತ್ತು ಒಂದೇ, ಗಾಡಿ ಬೇರೆ.

ಇನ್ನೂ ಹತ್ತಿರದ ನೆಂಟಸ್ತಿಕೆ ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡಿನದು. ಅದರ ಬಗ್ಗೆ ಕೊಂಚ ನಿಂತು ಹೇಳಬೇಕು, ಏಕೆಂದರೆ ಕೊರತೆಯಿಂದ ಹುಟ್ಟಿದ ಒಳ್ಳೆಯ ವಸ್ತುವಿಗೆ ಅದರಷ್ಟು ಚೊಕ್ಕ ಉದಾಹರಣೆ ಕಡಿಮೆ. 1950ರ ದಶಕದಲ್ಲಿ ಇಂಗ್ಲೆಂಡಿನ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಗೆ ಕಾರಿನ ಮೈ ಮಾಡಿಕೊಡುತ್ತಿದ್ದ ಕಾರ್ಖಾನೆಯನ್ನು ಎದುರಾಳಿ ಕಂಪನಿ ಕೊಂಡುಬಿಟ್ಟಿತು. ಆ ಹೊತ್ತಿಗೆ ಎಲ್ಲರೂ ಚಾಸಿ ಮತ್ತು ಮೈ ಎರಡನ್ನೂ ಒಂದೇ ಡಬ್ಬಿಯಾಗಿ ಬೆಸೆಯುತ್ತಿದ್ದರು. ಇವರಿಗೆ ಆ ಸೌಕರ್ಯ ಇಲ್ಲವಾಯಿತು. ಹೀಗಾಗಿ ಹಳೆಯ ಪದ್ಧತಿಗೇ ಮರಳಿ, ಕೆಳಗೆ ಗಟ್ಟಿ ಚಾಸಿ ಇಟ್ಟು, ಬೇರೆ ಬೇರೆ ಕಡೆ ಮಾಡಿಸಿದ ತುಂಡುಗಳನ್ನು ಅದರ ಮೇಲೆ ಬೋಲ್ಟಿನಿಂದ ಬಿಗಿದರು. ರೂಪ ಬರೆದವನು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. ಕಾರು 1959ರಲ್ಲಿ ಹೊರಬಂತು, 948 ಸಿಸಿ ಎಂಜಿನ್ನಿನೊಂದಿಗೆ. ಕಾರ್ಖಾನೆಯೊಳಗೆ ಅದಕ್ಕಿಟ್ಟಿದ್ದ ಗುಪ್ತನಾಮ 'ಜೋಬೋ'. ಅದು ಟಿಬೆಟ್ಟಿನ ಕಡೆ ಹೊರೆ ಹೊರುವ, ಯಾಕ್ ಮತ್ತು ಆಕಳಿನ ಮಿಶ್ರತಳಿಯ ಪ್ರಾಣಿ. ಎತ್ತಿನ ಸೀಮೆಯವನಾದ ನನಗೆ ಈ ಹೆಸರು ಬಹಳ ಹಿಡಿಸಿತು.

ಹೆರಾಲ್ಡಿನ ಬಾನೆಟ್ಟು ಎತ್ತುವುದನ್ನು ಧಾರವಾಡದ ಒಂದು ಮನೆಯಂಗಳದಲ್ಲಿ ಮೊದಲ ಸಲ ನೋಡಿದಾಗ ನನಗೆ ಏಳೆಂಟು ವರ್ಷ. ಬೇರೆ ಕಾರಿನಲ್ಲಿ ಮುಚ್ಚಳ ತೆಗೆದು ಬಾಗಿ ಇಣುಕಬೇಕು. ಇದರಲ್ಲಿ ದೀಪ, ಮಡ್‌ಗಾರ್ಡು ಸಮೇತ ಕಾರಿನ ಇಡೀ ಮೂತಿಯೇ ಮುಂದಕ್ಕೆ ವಾಲಿ ಬಾಯಿ ತೆರೆಯುತ್ತದೆ. ಮಿಸ್ತ್ರಿ ಮುಂದಿನ ಗಾಲಿಯ ಮೇಲೆ ಸ್ಟೂಲಿನ ಮೇಲೆ ಕೂತಂತೆ ಕೂತು, ತೊಡೆಯ ಮೇಲೆ ಪಾನಾ ಇಟ್ಟುಕೊಂಡು, ಚಹಾ ಕುಡಿಯುತ್ತ ಕೆಲಸ ಮಾಡುತ್ತಿದ್ದ. ಪ್ಲಗ್ಗು, ತಂತಿ, ಸ್ಟೇರಿಂಗಿನ ಸರಳು, ಮುಂದಿನ ಸ್ಪ್ರಿಂಗು ಎಲ್ಲ ಬಯಲು. ಯಾವುದು ಯಾವುದನ್ನು ನೂಕುತ್ತದೆ, ಯಾವುದು ಯಾವುದನ್ನು ಎಳೆಯುತ್ತದೆ ಎಂಬುದು ಏಳು ವರ್ಷದ ಹುಡುಗನಿಗೂ ಕಾಣುತ್ತಿತ್ತು. 25 ಅಡಿ ಅಗಲದಲ್ಲಿ ಪೂರ್ತಿ ತಿರುಗುತ್ತಿದ್ದ ಆ ಕಾರನ್ನು ಅಂಗಳದ ಬಾಗಿಲಿಂದ ಒಂದೇ ಏಟಿಗೆ ಹೊರಗೆ ತಿರುಗಿಸಿದಾಗ ಬೀದಿಯ ಹುಡುಗರೆಲ್ಲ ಚಪ್ಪಾಳೆ ಹೊಡೆದಿದ್ದೆವು.

ಹೆರಾಲ್ಡ್ ಸ್ಪೋರ್ಟ್ಸ್ ಕಾರಲ್ಲ, ನಾಲ್ಕು ಮಂದಿಯ ಸಂಸಾರದ ಗಾಡಿ. ಆದರೆ ಬೇರೆ ಚಾಸಿ ಇದ್ದುದರಿಂದ ಅದರ ಮೇಲೆ ಯಾವ ಮೈ ಬೇಕಾದರೂ ಕೂಡಿಸಬಹುದಿತ್ತು. ಕಂಪನಿಯವರೇ ಆ ಚಾಸಿಯನ್ನು ತಿದ್ದಿ, ಗಾಲಿಗಳ ನಡುವಿನ ದೂರವನ್ನು ಸುಮಾರು 91 ಅಂಗುಲದಿಂದ 83ಕ್ಕೆ ಇಳಿಸಿ, ಮಿಕೆಲೊಟ್ಟಿಯಿಂದಲೇ ಒಂದು ತೆರೆದ ಕಾರು ಮಾಡಿಸಿದರು. ದುಡ್ಡಿಲ್ಲದೆ ಆ ಮಾದರಿ ಮೂಲೆಯಲ್ಲಿ ಬಟ್ಟೆ ಹೊದ್ದು ಬಿದ್ದಿತ್ತು. ಲೇಲ್ಯಾಂಡ್ ಕಂಪನಿ 1961ರಲ್ಲಿ ಕಾರ್ಖಾನೆಯನ್ನು ಕೊಂಡ ಮೇಲೆ, ಹೊಸ ಮುಖ್ಯಸ್ಥ ಬಟ್ಟೆ ಸರಿಸಿ ನೋಡಿ ಒಪ್ಪಿಗೆ ಕೊಟ್ಟ. ಅದೇ 1962ರ 'ಸ್ಪಿಟ್‌ಫೈರ್'. 1980ರವರೆಗೆ ಮೂರು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ನಮ್ಮಲ್ಲಿ 1961ರಿಂದ ಮದರಾಸಿನಲ್ಲಿ ತಯಾರಾದ ಹೆರಾಲ್ಡ್ ಆ ಸ್ಪಿಟ್‌ಫೈರಿನ ಹಿರಿಯಕ್ಕ. ಅಕ್ಕನಿಗೆ ನಮ್ಮ ಸಂಸಾರ ಹೆಚ್ಚು ಭಾರವಾಯಿತು ಎನ್ನಬೇಕು. ಮುಂದೆ ಅದಕ್ಕೆ ನಾಲ್ಕು ಬಾಗಿಲು ಇಟ್ಟರು, ಇಂಗ್ಲೆಂಡಿನಲ್ಲಿ ಎಂದೂ ಇಲ್ಲದ ನಾಲ್ಕು ಬಾಗಿಲು.

ಇಲ್ಲಿನ ಹುಚ್ಚರಿಗೆ ಬೇಕಾದದ್ದು ಇನ್ನೊಂದು. ಹೆರಾಲ್ಡಿನ ಛಾವಣಿಯೂ ಬೋಲ್ಟಿನಲ್ಲೇ ನಿಂತದ್ದು. ಬಿಚ್ಚಿದರೆ ಎತ್ತಿಡಬಹುದು. ಹಳೆಯ ಕಾರುಗಳ ಮೆರವಣಿಗೆಗಳಲ್ಲಿ ಛಾವಣಿ ತೆಗೆದು, ಸೀಟು ಬದಲಿಸಿ, ಮೈಯ ಅಂಚು ತಿದ್ದಿದ ಹೆರಾಲ್ಡುಗಳು ಈಗಲೂ ಕಾಣುತ್ತವೆ. ಮದರಾಸಿನ ಹತ್ತಿರ ಶೋಲಾವರಂನಲ್ಲಿ ಯುದ್ಧಕಾಲದ ವಿಮಾನದ ಪಟ್ಟಿಯ ಮೇಲೆ ನಡೆಯುತ್ತಿದ್ದ ಓಟಗಳಲ್ಲಿ ಹೆರಾಲ್ಡು, ಫಿಯಟ್ಟು, ಅಂಬಾಸಡರುಗಳೇ ಬೇರೆ ಬೇರೆ ವೇಷದಲ್ಲಿ ಇಳಿಯುತ್ತಿದ್ದವು. ಅದರ ಹಿಂದಿನ ಗಾಲಿಗೊಂದು ಕೆಟ್ಟ ಚಾಳಿಯಿತ್ತು: ಜೋರಾಗಿ ತಿರುಗುವಾಗ ನಡುವೆ ಎಕ್ಸಲರೇಟರಿಂದ ಕಾಲು ತೆಗೆದರೆ ಗಾಲಿ ಒಳಕ್ಕೆ ಮಡಚಿಕೊಂಡು ಕಾರಿನ ಹಿಂಭಾಗ ಎದ್ದುನಿಲ್ಲುತ್ತಿತ್ತು. ಓಡಿಸುವವರು ಅದನ್ನು ಹೋರಿಯ ಚಾಳಿ ತಿಳಿದಂತೆ ತಿಳಿದು, ಅಲ್ಲಿ ಕಾಲು ತೆಗೆಯದಿರಲು ಕಲಿತರು. ಇಂಥ ಕಾರುಗಳ ಮಾಲೀಕರು ಅವುಗಳ ದೋಷ ಹೇಳುವಾಗಲೂ ಮುಖ ಅರಳಿಸಿಕೊಂಡು ಹೇಳುತ್ತಾರೆ. ಅರ್ಧ ಪ್ರೀತಿ ಆ ದೋಷಗಳ ಮೇಲೆಯೇ ಇರುತ್ತದೋ ಏನೋ.

ಈಗ ಬೆಂಗಳೂರಿಗೆ ಬರೋಣ. ಕರ್ನಾಟಕದಲ್ಲೇ ತಯಾರಾದ ಇಂಗ್ಲಿಷ್ ಪುಟ್ಟ ಕಾರಿನ ಕಥೆ ಇದು, ಮತ್ತು ಇದನ್ನು ನಾವು ಹೆಚ್ಚುಕಡಿಮೆ ಮರೆತಿದ್ದೇವೆ. 1970ರ ದಶಕದಲ್ಲಿ ಅಲ್ಲಿನ ಸನ್‌ರೈಸ್ ಎಂಬ ಸಣ್ಣ ಕಂಪನಿ 'ಬಾದಲ್' ಎಂಬ ಮೂರು ಗಾಲಿಯ ಕಾರು ಮಾಡಿತು. 198 ಸಿಸಿ ಎಂಜಿನ್ನು, ಫೈಬರ್‌ಗ್ಲಾಸಿನ ಮೈ. ಇದೇ ಕಂಪನಿ ಸಿಪಾನಿ ಆಟೊಮೊಬೈಲ್ಸ್ ಎಂದು ಹೆಸರು ಬದಲಿಸಿ, 1982ರ ಹೊತ್ತಿಗೆ 'ಡಾಲ್ಫಿನ್' ತಂದಿತು. ಡಾಲ್ಫಿನ್ನಿನ ಮೂಲ ಇಂಗ್ಲೆಂಡಿನ ಟ್ಯಾಮ್‌ವರ್ತ್ ಊರಿನ ರಿಲಯಂಟ್ ಕಂಪನಿಯ 'ಕಿಟನ್'. ಹೆಸರಿನಂತೆಯೇ ಬೆಕ್ಕಿನ ಮರಿ: ತೂಕ ಐದುನೂರು ಕಿಲೋ ಚಿಲ್ಲರೆ, ಅಂದರೆ ಅಂಬಾಸಡರಿನ ಅರ್ಧಕ್ಕಿಂತ ಕಡಿಮೆ. ಎಂಜಿನ್ನು 848 ಸಿಸಿ. ಮೊದಲ ಮಿಜೆಟ್ಟಿನ 847 ನೆನಪಿದೆಯಲ್ಲ? ಅಂಕಿಗಳ ಹೋಲಿಕೆ ಕಾಕತಾಳೀಯ. ಆದರೆ ಆಸ್ಟಿನ್ ಸೆವೆನ್ನಿನ ನಂಟು ಕಾಕತಾಳೀಯವಲ್ಲ. ಸೆವೆನ್ನಿನ ಎಂಜಿನ್ನು 1939ರಲ್ಲಿ ನಿಂತಾಗ ಅದೇ ಮಾದರಿಯನ್ನು ರಿಲಯಂಟ್ ತಾನೇ ಮಾಡಿಕೊಳ್ಳತೊಡಗಿ, 1962ರವರೆಗೆ ತನ್ನ ಗಾಡಿಗಳಿಗೆ ಹಾಕಿತು. ಆಮೇಲೆ ಅದರ ಜಾಗಕ್ಕೆ ಪೂರ್ತಿ ಅಲ್ಯೂಮಿನಿಯಮ್ಮಿನ ಹಗುರ ಎಂಜಿನ್ನು ತಂದಿತು. ಡಾಲ್ಫಿನ್ನಿಗೆ ಬಂದದ್ದು ಆ ಸಾಲಿನ ಎಂಜಿನ್ನು. 1920ರ ದಶಕದಲ್ಲಿ ಸಿಲಿಂಡರಿನ ಅಗಲಕ್ಕೆ ಹಾಕುತ್ತಿದ್ದ ತೆರಿಗೆಯ ಒಂದು ಎಳೆ ಹೀಗೆ ಅರವತ್ತು ವರ್ಷ ಸುತ್ತಾಡಿ ಬೆಂಗಳೂರಿಗೆ ಬಂದು ಮುಟ್ಟಿತ್ತು.

ಫೈಬರ್‌ಗ್ಲಾಸಿನ ಬಗ್ಗೆ ಒಂದು ಮಾತು. ಉಕ್ಕಿನ ಮೈ ಒತ್ತಲು ಬೇಕಾದ ಯಂತ್ರ, ಅಚ್ಚುಗಳಿಗೆ ಆಗುವ ಖರ್ಚನ್ನು ಲಕ್ಷಗಟ್ಟಲೆ ಕಾರು ಮಾರುವವರು ಮಾತ್ರ ತಡೆದುಕೊಳ್ಳಬಲ್ಲರು. ಫೈಬರ್‌ಗ್ಲಾಸಿಗೆ ಒಂದು ಅಚ್ಚು, ನಾರಿನ ಹಾಸು, ಅಂಟಿನ ದ್ರವ ಮತ್ತು ನುರಿತ ಕೈ ಸಾಕು. ಇಂಗ್ಲೆಂಡಿನಲ್ಲಿ ಲೋಟಸ್‌ನಂಥ ಚಿಕ್ಕ ಕಂಪನಿಗಳು ಉಸಿರಾಡಿದ್ದು ಇದರಿಂದಲೇ. ಬೆಂಗಳೂರಿನ ಒಂದು ಸಣ್ಣ ಕಂಪನಿ ಮೂರು ದೈತ್ಯರ ನಡುವೆ ಕಾರು ಮಾಡುವ ಧೈರ್ಯ ತೋರಿದ್ದೂ ಇದರಿಂದಲೇ. ಆದರೆ ನಮ್ಮ ಜನಕ್ಕೆ ಕಾರೆಂದರೆ ತಗಡು. ಬೆರಳಿಂದ ಬಡಿದರೆ ಠಣ್ ಎನ್ನಬೇಕು. 'ಪ್ಲಾಸ್ಟಿಕ್ ಕಾರು' ಎಂಬ ಹಂಗಣೆ ಬಿತ್ತು. ಬಾಗಿಲು ಬೇರೆ ಎರಡೇ. ಅತ್ತೆಯನ್ನು ಹಿಂದಿನ ಸೀಟಿಗೆ ಹತ್ತಿಸುವುದು ಹೇಗೆ?

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಕೈಯನ್ನು ಅದರ ಮಾಲೀಕರಿಗೆ ಕೊಟ್ಟರು. ನಾಲ್ಕು ಬಾಗಿಲು, ಉಕ್ಕಿನ ಮೈ, ಜಪಾನಿನ ಕಸುಬು, ಬೆನ್ನಿಗೆ ಸರ್ಕಾರ. ಸಿಪಾನಿ ಕೂಡ ನಾಲ್ಕು ಬಾಗಿಲಿನ 'ಮೊಂಟಾನಾ' ತಂದು ನೋಡಿತು, 1990ರ ದಶಕದಲ್ಲಿ ಇಂಗ್ಲೆಂಡಿನ ರೋವರ್ ಮೊಂಟೆಗೊವನ್ನೂ ಜೋಡಿಸಿ ನೋಡಿತು. ಏನೂ ನಡೆಯಲಿಲ್ಲ.

ಆದರೆ ಪೇಟೆಯಲ್ಲಿ ಸೋತ ಡಾಲ್ಫಿನ್ ಇನ್ನೊಂದು ಕಡೆ ಗೆದ್ದಿತು. ರ‍್ಯಾಲಿ ಓಡಿಸುವ ಹುಡುಗರು ಅದರಲ್ಲಿ ಸಂಸಾರಸ್ಥರು ಕಾಣದಿದ್ದುದನ್ನು ಕಂಡರು. ಹಗುರ ಮೈ, ಹಿಂದಿನ ಗಾಲಿಗೆ ಶಕ್ತಿ, ಗಿಡ್ಡ ದೇಹ, ಮಾತು ಕೇಳುವ ಸ್ಟೇರಿಂಗು. ಮಣ್ಣಿನ ಹಾದಿಯಲ್ಲಿ ಹಿಂಭಾಗವನ್ನು ಬೇಕೆಂದಂತೆ ಜಾರಿಸಿ ತಿರುಗಿಸಬಹುದಿತ್ತು. ಹಿಂದಿನ ಸೀಟು ಕೀಳು, ನೆಲದ ಹಾಸು ಕೀಳು, ಬೇಡವಾದದ್ದೆಲ್ಲ ಕೀಳು ಎನ್ನುವುದೇ ಓಟದ ತಯಾರಿ. ಇಂಗ್ಲೆಂಡಿನ ಹುಡುಗರು 1920ರ ದಶಕದಲ್ಲಿ ಸೆವೆನ್ನಿಗೆ ಮಾಡಿದ್ದನ್ನು, ನಮ್ಮ ರೈತರು ಜಾತ್ರೆಯ ದಿನ ಗಾಡಾಕ್ಕೆ ಮಾಡುವುದನ್ನು ಇವರು ಡಾಲ್ಫಿನ್ನಿಗೆ ಮಾಡಿದರು. ಎರಡೇ ಬಾಗಿಲಿನ ಬಗ್ಗೆ ಅವರಲ್ಲಿ ಯಾರ ತಕರಾರೂ ಇರಲಿಲ್ಲ.

ಸಣ್ಣ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನ ಚರಿತ್ರೆ ನಮ್ಮಲ್ಲಿ ಇದೆಯೇ ಎಂದು ಯಾರಾದರೂ ಕೇಳಿದರೆ ನಾನು ಈ ನೆಂಟರ ಕಥೆಯನ್ನೇ ಹೇಳುವುದು. ಸಿಗದ ವಸ್ತುವನ್ನು ಸಿಕ್ಕ ವಸ್ತುವಿನೊಳಗಿಂದ ಹೊರಗೆ ತೆಗೆದವರ ಕಥೆ: ಛಾವಣಿ ಬಿಚ್ಚಿದವರು, ಅಂಬಾಸಡರಿನ ಎಂಜಿನ್ನಿಗೆ ಎರಡನೆಯ ಕಾರ್ಬುರೇಟರು ಹುಡುಕಿದವರು, ಸೀಟು ಕಿತ್ತವರು. ಈ ಚರಿತ್ರೆಯ ದಾಖಲೆ ಕಾಗದದ ಮೇಲೆ ಕಡಿಮೆ, ಕಾರುಗಳ ಮೈಮೇಲೆ ಹೆಚ್ಚು.

ಅದಕ್ಕೇ ಈಚಿನ ಒಂದು ಕಾನೂನು ನನ್ನನ್ನು ಕಾಡುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆ 'ವಿಂಟೇಜ್' ಎಂಬ ಬೇರೆ ನೋಂದಣಿ ತಂದಿತು. ಹೊಸದಾಗಿ ಬರೆಸಲು 20,000 ರೂಪಾಯಿ, ಹತ್ತು ವರ್ಷದ ಮೇಲೆ ಮತ್ತೆ 5,000. ಒಳ್ಳೆಯ ಕೆಲಸವೇ. ಆದರೆ ವಾಹನಕ್ಕೆ 50 ವರ್ಷ ದಾಟಿರಬೇಕು. ಮೂಲ ರೂಪದಲ್ಲೇ ಇರಬೇಕು. ಚಾಸಿ, ಮೈ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಅರಮನೆಯ ಕೊಟ್ಟಿಗೆಯಲ್ಲಿ ಬಟ್ಟೆ ಹೊದ್ದು ಮಲಗಿದ್ದ ಕಾರು ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಛಾವಣಿ ಬಿಚ್ಚಿದ ಹೆರಾಲ್ಡಿನ ಗತಿಯೇನು? 1982ರ ಡಾಲ್ಫಿನ್ನಿಗೆ 50 ತುಂಬುವುದು 2032ರಲ್ಲಿ. ಅಲ್ಲಿಯವರೆಗೆ ಅದು ಕಾನೂನಿನ ಕಣ್ಣಿಗೆ ಬರೀ ಹಳೆಯ ಕಾರು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ಮುಂದುವರಿಸುವ ಶುಲ್ಕವನ್ನು 2022ರಲ್ಲಿ 600ರಿಂದ 5,000 ರೂಪಾಯಿಗೆ ಏರಿಸಿದರು. ಬೆಲೆಯೇ ಇಲ್ಲದ ಕಾರಿಗೆ ಇಷ್ಟು ಸುರಿಯುವ ಮಾಲೀಕರು ಎಷ್ಟು ಮಂದಿ? ತಿದ್ದದೆ ಇಟ್ಟಿದ್ದನ್ನು ಕಾಪಾಡಿ, ತಿದ್ದಿ ಬಾಳಿಸಿದ್ದನ್ನು ಗುಜರಿಗೆ ಕಳಿಸಿದರೆ ನಮ್ಮ ಪಾಲಿನ ಚರಿತ್ರೆಯ ಪುಟವೇ ತೂಕಕ್ಕೆ ಹೋದಂತೆ. ಇಂಗ್ಲೆಂಡಿನಲ್ಲಿ 1988ರಿಂದ ಎಂ.ಜಿ.ಬಿ. ಕಾರಿನ ಪೂರ್ತಿ ಹೊಸ ಮೈಯನ್ನೇ ಮತ್ತೆ ಒತ್ತಿ ಮಾರುತ್ತ ಬಂದಿದ್ದಾರೆ. ಕಾರು ನಿಂತು ಎಂಟು ವರ್ಷವಾದ ಮೇಲೆ! ನಮ್ಮಲ್ಲಿ ಡಾಲ್ಫಿನ್ನಿನ ಒಂದು ಗಾಜು ಒಡೆದರೆ ಏನು ಮಾಡಬೇಕು ಎಂಬುದನ್ನು ಅದರ ಮಾಲೀಕರನ್ನೇ ಕೇಳಬೇಕು.

ಎಂ.ಜಿ. ಎಂಬ ಹೆಸರು ಮಾತ್ರ ಕೊನೆಗೂ ನಮ್ಮ ಕಡೆ ಬಂದಿದೆ. ಆ ಹೆಸರು ಈಗ ಚೀನಾದ ಒಂದು ದೊಡ್ಡ ಕಂಪನಿಯದು. 2019ರಿಂದ ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುವ ಎತ್ತರದ, ಭಾರವಾದ ಗಾಡಿಗಳ ಮೂತಿಯ ಮೇಲೆ ಅದೇ ಎಂಟು ಮೂಲೆಯ ಬಿಲ್ಲೆ. ಹೋದ ಹುಣ್ಣಿಮೆಗೆ ಅಂಥದೊಂದು ಗಾಡಿ ಕಿಟಕಿ ಮುಚ್ಚಿ, ತಂಪು ಗಾಳಿ ಹಾಕಿಕೊಂಡು, ಸದ್ದಿಲ್ಲದೆ ಯಲ್ಲಮ್ಮನ ಗುಡ್ಡ ಏರಿ ಹೋಯಿತು.

ಸವದತ್ತಿಯಲ್ಲಿ ನನಗೆ ಪರಿಚಯದ ಹಿರಿಯ ಮಿಸ್ತ್ರಿಯೊಬ್ಬರಿದ್ದಾರೆ. ಅಂಬಾಸಡರುಗಳ ಮೇಲೆ ಕೈ ಪಳಗಿಸಿಕೊಂಡವರು, ಈಗ ಟ್ರ್ಯಾಕ್ಟರ್ ರಿಪೇರಿ. ಆ ಸಂಜೆ ಅವರ ಗ್ಯಾರೇಜಿಗೆ ಹೋಗಿ ಎಂ.ಜಿ.ಎ. ಕಾರಿನ ಎಂಜಿನ್ನಿನ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದೆ. ಕನ್ನಡಕ ಏರಿಸಿ, ಬೆರಳಿನಿಂದ ಹಿಗ್ಗಿಸಿ ನೋಡಿದರು. "ಇದು ನಮ್ಮದ ಅಲ್ರೀ ಸರ" ಎಂದರು. ನಾನು ಹೌದೆಂದೆ. ಒಳಗೆ ಹೋಗಿ, ಬಿಸ್ಕೀಟಿನ ಹಳೆಯ ಡಬ್ಬಿ ತಂದು ಮುಂದಿಟ್ಟರು. ಗ್ರೀಸು ಹಚ್ಚಿದ ಕಾಗದದಲ್ಲಿ ಸುತ್ತಿದ ಎಸ್.ಯು. ಕಾರ್ಬುರೇಟರಿನ ಸೂಜಿಗಳು, ಸಣ್ಣ ಸ್ಪ್ರಿಂಗುಗಳು, ಹಿತ್ತಾಳೆಯ ತಿರುಪುಗಳು.

"ಎರಡು ಕೂಡಸ್ಯಾರ ಇದಕ್ಕ" ಎಂದು ಮತ್ತೆ ಚಿತ್ರದ ಕಡೆ ನೋಡಿದರು. "ಯಾಕಂದ್ರ ಮ್ಯಾಲೆ ಮಾಲ್ ಇಲ್ಲ."

ಆಮೇಲೆ ಎರಡು ಕಾರ್ಬುರೇಟರನ್ನು ಒಂದೇ ಹದಕ್ಕೆ ತರುವುದು ಹೇಗೆ ಎಂದು ಕತ್ತಲಾಗುವವರೆಗೆ ಹೇಳಿದರು. ರಬ್ಬರಿನ ಕೊಳವೆಯ ಒಂದು ತುದಿಯನ್ನು ಕಿವಿಗೆ ಇಟ್ಟುಕೊಂಡು, ಇನ್ನೊಂದು ತುದಿಯನ್ನು ಮೊದಲು ಒಂದರ ಬಾಯಿಗೆ, ಆಮೇಲೆ ಇನ್ನೊಂದರ ಬಾಯಿಗೆ ಹಿಡಿಯಬೇಕಂತೆ. ಗಾಳಿ ಎಳೆದುಕೊಳ್ಳುವ ಸದ್ದು ಎರಡರಲ್ಲೂ ಒಂದೇ ಕೇಳುವವರೆಗೆ ತಿರುಪು ತಿರುಗಿಸುತ್ತ ಹೋಗಬೇಕು.